ಸಹಕಾರ ಸಂಘದವರನ್ನು ಒಪ್ಪಿಸುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬೇಯಿಸಿದ ಅಡಿಕೆ ಚಪ್ಪರದ ಮೇಲೇ ಬೂಷ್ಟು ಹಿಡಿಯುತ್ತದೆ. ಹತ್ತು ಮನೆಗೆ ಸೇರಿ ಒಂದು ಪಾಲಿಹೌಸ್ ಮಾದರಿಯ ಸೋಲಾರ್ ಡ್ರೈಯರ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ, ಬಿಸಿಲಿನ ಶಾಖದಲ್ಲಿ ಒಣಗಿಸುವ ಮನೆ) ಹಾಕಿಸೋಣವೆಂದು ಊರಿನ ಸಹಕಾರ ಸಂಘದ ಸಭೆಗೆ ಹೋಗಿದ್ದೆ.

22 ಸ್ಲೈಡ್ ಒಯ್ದಿದ್ದೆ. ಆರನೆಯದಕ್ಕೇ ಅಧ್ಯಕ್ಷರು ಎಲೆಯಡಿಕೆ ಹಾಕಲು ಎದ್ದರು. (ಅಡಿಕೆಯ ಸಭೆಯಲ್ಲಿ ಅದನ್ನು ತಪ್ಪೆನ್ನುವುದೂ ಕಷ್ಟ!) ಜೇಬಿನಲ್ಲಿದ್ದ ಬೂಷ್ಟು ಹಿಡಿದ ಅಡಿಕೆಗಳನ್ನು ಮೇಜಿನ ಮೇಲೆ ಸುರಿದಾಗ ಮಾತ್ರ ಎಲ್ಲರೂ ಬಗ್ಗಿ ನೋಡಿದರು. “ಗಾಳಿಗೆ ಹಾಳೆ ಹರಿದರೆ ಖರ್ಚು ಯಾರದ್ದು?” ಎಂದರು. ನಾನು ತಡವರಿಸಿದೆ.

ಮುಂದಿನ ಸಭೆಯಲ್ಲಿ ಹತ್ತೇ ನಿಮಿಷ ಸಿಗುತ್ತದೆ. ದುಡ್ಡಿನ ಲೆಕ್ಕದಿಂದ ಶುರು ಮಾಡಲೇ, ಅಥವಾ ಮೊದಲು ನಮ್ಮ ಅಂಗಳದಲ್ಲೇ ಚಿಕ್ಕದೊಂದನ್ನು ಕಟ್ಟಿ ತೋರಿಸಲೇ? ಸಂಘಗಳಲ್ಲಿ ನಿರ್ದೇಶಕರಾಗಿದ್ದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಇಂಥ ಹೊಸ ಯೋಜನೆಗೆ ನೀವು ಕೈಯೆತ್ತಿದ್ದು ಏನನ್ನು ನೋಡಿ?