ಗೇಮ್ಸ್‌ಕಾಮ್, ಟೋಕಿಯೋ ಗೇಮ್ ಶೋ: ಸೋನಿಯ ಘೋಷಣೆಗಾಗಿ ಕಾಯಬೇಕೇ?

ಚಿಂಚವಾಡದ ಆಟಗಾರ · 5 ಆಗಸ್ಟ್ 2024

ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 5 (ಪಿಎಸ್5) ಕೊಳ್ಳಲೆಂದು ಎರಡು ವರ್ಷಗಳಿಂದ ಸಂಬಳದಲ್ಲಿ ಎತ್ತಿಟ್ಟ ಹಣ ಈಗ ಐವತ್ತೈದು ಸಾವಿರ ಮುಟ್ಟಿದೆ. ಡಿಸ್ಕ್ ಹಾಕುವ ಮಾದರಿಯ ಬೆಲೆ 54,990 ರೂಪಾಯಿ. ಅಂಗಡಿಗೆ ಹೋಗಿ ತರುವುದಷ್ಟೇ ಬಾಕಿ, ಆದರೂ ಮನಸ್ಸು ಹಿಂದೇಟು ಹಾಕುತ್ತಿದೆ. ಒಬ್ಬನೇ ಕುಳಿತು ಆಡುವ, ಗಟ್ಟಿ ಕಥೆಯುಳ್ಳ ಆಟಗಳು ನನಗೆ ಬೇಕು. ಘೋಸ್ಟ್ ಆಫ್ ತ್ಸುಶಿಮಾವನ್ನು ಹಳೆಯ ಪ್ಲೇಸ್ಟೇಷನ್ 4ರಲ್ಲಿ (ಪಿಎಸ್4) ಮೂರು ಸಲ ಮುಗಿಸಿದ್ದೇನೆ. ಆಗಸ್ಟ್ 20ರಂದು ಜರ್ಮನಿಯ ಕಲೋನ್‌ನಲ್ಲಿ ಗೇಮ್ಸ್‌ಕಾಮ್ ಎಂಬ ವಿಡಿಯೋ ಗೇಮ್ ಮೇಳ ಆರಂಭವಾಗುತ್ತದೆ, ಸೆಪ್ಟೆಂಬರ್ 26ರಿಂದ ಟೋಕಿಯೋ ಗೇಮ್ ಶೋ ನಡೆಯುತ್ತದೆ. ತ್ಸುಶಿಮಾದ ಮುಂದಿನ ಭಾಗವನ್ನು ಸೋನಿ ಇವೆರಡರಲ್ಲಿ ಒಂದು ಕಡೆ ಘೋಷಿಸುವ ಸಂಭವವಿದೆಯೇ? ಘೋಷಿಸಿದರೂ ಆಟ ಕೈಗೆ ಬರಲು ಎಷ್ಟು ಕಾಲ ಹಿಡಿದೀತು? ಯೂಟ್ಯೂಬಿನಲ್ಲಿ ‘ಒಳಗಿನ ಸುದ್ದಿ’ ಹೇಳುವವರು ದಿನಕ್ಕೊಬ್ಬರು ಸಿಗುತ್ತಾರೆ. ಕಾರಣ ಸಹಿತ ಹೇಳಬಲ್ಲವರು ಇಲ್ಲಿ ಇದ್ದಾರೆಂದು ನಂಬಿ ಕೇಳುತ್ತಿದ್ದೇನೆ.

ಮಾಟುಂಗಾವಾಸಿ · 6 ಆಗಸ್ಟ್ 2024

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರ ಬೆಲೆಯನ್ನು ಸ್ವತಃ ತೆತ್ತವನು ನಾನು.

2015ರ ಜೂನ್ 16ರ ಬೆಳಿಗ್ಗೆ ಆರೂವರೆಗೆ ಲಾಸ್ ಏಂಜಲೀಸ್‌ನ ಇ3 ಮೇಳದಿಂದ ಸೋನಿಯ ಕಾರ್ಯಕ್ರಮ ನೇರವಾಗಿ ಪ್ರಸಾರವಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ನೋಡುತ್ತಿದ್ದೆ. ದಿ ಲಾಸ್ಟ್ ಗಾರ್ಡಿಯನ್ ಬಂತು, ಫೈನಲ್ ಫ್ಯಾಂಟಸಿ 7ರ ರೀಮೇಕ್ ಬಂತು, ಶೆನ್ಮೂ 3 ಕೂಡ ಬಂತು. ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿದದ್ದು ಅಮ್ಮ ಕೂಗಿದ ಮೇಲೆಯೇ ತಿಳಿಯಿತು. ಆ ದೀಪಾವಳಿಗೇ ಪಿಎಸ್4 ಮನೆಗೆ ಬಂತು.

ಇನ್ನು ಲೆಕ್ಕ ನೋಡಿ. ಲಾಸ್ಟ್ ಗಾರ್ಡಿಯನ್ 2009ರಲ್ಲಿಯೇ ಒಮ್ಮೆ ತೋರಿಸಿದ್ದ ಆಟ. ಅದು ಮಾರಾಟಕ್ಕೆ ಬಂದದ್ದು 2016ರ ಡಿಸೆಂಬರಿನಲ್ಲಿ. ಶೆನ್ಮೂ ವಿಷಯದಲ್ಲಿ ಅಂದು ನಡೆದದ್ದು ಘೋಷಣೆ ಎನ್ನುವುದಕ್ಕಿಂತ ವಂತಿಗೆ ಎತ್ತುವ ಕರೆ. ಆಟ ಬಂದದ್ದು 2019ರ ನವೆಂಬರಿಗೆ. ಯಾವುದಕ್ಕಾಗಿ ನಾನು ಪಿಎಸ್4 ಕೊಂಡಿದ್ದೆನೋ ಆ ಫೈನಲ್ ಫ್ಯಾಂಟಸಿ 2020ರ ಏಪ್ರಿಲ್ 10ರಂದು ಬಿಡುಗಡೆಯಾಯಿತು. ಆಗ ಮುಂಬಯಿ ಲಾಕ್‌ಡೌನಿನಲ್ಲಿತ್ತು, ಡಿಸ್ಕ್ ತಂದುಕೊಡುವವರೇ ಇರಲಿಲ್ಲ.

ಆದ್ದರಿಂದ ಟ್ರೈಲರಿನ ಕೊನೆಯಲ್ಲಿ ತಾರೀಖು ಇದ್ದರೆ ಮಾತ್ರ ಅದನ್ನು ಘೋಷಣೆ ಎಂದು ಎಣಿಸಿ. ಬರಿಯ ಹೆಸರು ತೋರಿಸಿ ಪರದೆ ಕಪ್ಪಾದರೆ, ಆ ಆಟವನ್ನು ನಿಮ್ಮ ಲೆಕ್ಕದಿಂದ ಹೊರಗಿಡಿ.

ಕೋಥ್ರೂಡಿನ ಚಿತ್ರಿಕ · 6 ಆಗಸ್ಟ್ 2024

ಪುಣೆಯಲ್ಲಿ ಆಟಗಳಿಗೆ ಚಿತ್ರ ಮಾಡುವ ಕೆಲಸದಲ್ಲಿ ಇರುವುದರಿಂದ ಒಂದೆರಡು ಮಾತು ಸೇರಿಸುತ್ತೇನೆ. ಮೇಳದ ವೇದಿಕೆಯಲ್ಲಿ ಹತ್ತು ನಿಮಿಷ ತೋರಿಸುವ ತುಣುಕನ್ನು ಸಿದ್ಧಗೊಳಿಸಲು ತಂಡದ ಹಲವರು ಆಟದ ಮೂಲ ಕೆಲಸವನ್ನು ಬದಿಗಿಟ್ಟು ತಿಂಗಳುಗಟ್ಟಲೆ ದುಡಿಯಬೇಕಾಗುತ್ತದೆ, ಅದೂ ಬೇರೊಬ್ಬರು ಗೊತ್ತುಪಡಿಸಿದ ದಿನಕ್ಕೆ. ಕನ್ಸೋಲ್ (ಆಟದ ಯಂತ್ರ) ಕಂಪನಿಗಳು ಮೇಳಗಳಿಂದ ದೂರ ಸರಿದು ತಮ್ಮದೇ ಪ್ರಸಾರಗಳನ್ನು ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ನಿಂಟೆಂಡೊ 2011ರಿಂದ ಡೈರೆಕ್ಟ್ ಎಂಬ ಪ್ರಸಾರ ನಡೆಸುತ್ತಿದೆ. ಸೋನಿ 2019ರಲ್ಲಿ ಸ್ಟೇಟ್ ಆಫ್ ಪ್ಲೇ ಎಂಬ ತನ್ನ ಪ್ರಸಾರ ಆರಂಭಿಸಿ, ಅದೇ ವರ್ಷ ಇ3ಗೆ ಗೈರುಹಾಜರಾಯಿತು. ಇ3 ಕಳೆದ ಡಿಸೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಿತು. ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ತಂಡದ ರಾಜಿ ಆಟ ಕೂಡ 2020ರ ಆಗಸ್ಟ್ 18ರಂದು ನಿಂಟೆಂಡೊದ ಇಂಡೀ ವರ್ಲ್ಡ್ ಪ್ರಸಾರದಲ್ಲಿ ಕಾಣಿಸಿಕೊಂಡು ಅಂದೇ ಅವರ ಸ್ವಿಚ್ ಕನ್ಸೋಲಿಗೆ ಬಂತು. ಅಂದು ನಮ್ಮ ಕಚೇರಿಯ ಗುಂಪಿನಲ್ಲಿ ಯಾರೂ ಕೆಲಸ ಮಾಡಲಿಲ್ಲವೆಂಬುದನ್ನು ಇಲ್ಲಿ ಹೇಳಿದರೆ ತಪ್ಪಿಲ್ಲ.

ನನ್ನ ಊಹೆ ಇದು: ಗೇಮ್ಸ್‌ಕಾಮ್‌ನಲ್ಲಿ ನಿಮಗೆ ಬೇಕಾದದ್ದು ಸಿಗಲಿಕ್ಕಿಲ್ಲ. ಆದರೆ 2019ರ ನಂತರ ಮೊದಲ ಬಾರಿಗೆ ಸೋನಿ ಈ ಸಲ ಟೋಕಿಯೋದಲ್ಲಿ ಮಳಿಗೆ ಹಾಕುತ್ತಿದೆ. ತ್ಸುಶಿಮಾ ಮಾಡಿದ ಸಕರ್ ಪಂಚ್ ತಂಡದ ಹೊಸ ಆಟ ಬಂದು ನಾಲ್ಕು ವರ್ಷ ಕಳೆದಿದೆ. ಜಪಾನಿನ ಕಥೆಯನ್ನು ಜಪಾನಿನಲ್ಲಿ ಹೇಳುವ ಅವಕಾಶವನ್ನು ಸೋನಿ ಬಿಡಲಾರದು. ಮೇಳದ ಹಿಂದುಮುಂದಿನ ದಿನಗಳಲ್ಲಿ ಒಂದು ಸ್ಟೇಟ್ ಆಫ್ ಪ್ಲೇ ನಡೆದರೆ ನನಗೆ ಆಶ್ಚರ್ಯವಾಗದು.

ವಾಸ್ಕೊ ಕಡಲತೀರ · 7 ಆಗಸ್ಟ್ 2024

ಚಿತ್ರಿಕರ ತೀರ್ಮಾನ ಸರಿಯಿದ್ದರೂ ಇರಬಹುದು, ಅದಕ್ಕೆ ಕೊಟ್ಟ ಕಾರಣವನ್ನು ಮಾತ್ರ ಒಪ್ಪಲಾರೆ. ತ್ಸುಶಿಮಾವನ್ನು ಮೊದಲು ತೋರಿಸಿದ್ದು 2017ರ ಅಕ್ಟೋಬರಿನಲ್ಲಿ, ಪ್ಯಾರಿಸ್ಸಿನಲ್ಲಿ. ಕಥೆ ಎಲ್ಲಿಯದು ಎಂಬುದನ್ನು ಸೋನಿ ಅಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಟ ಬಂದದ್ದು 2020ರ ಜುಲೈಯಲ್ಲಿ, ಎಂದರೆ ಎರಡು ವರ್ಷ ಒಂಬತ್ತು ತಿಂಗಳ ಬಳಿಕ.

ಮೇಳಗಳಿಗಿಂತ ಲೆಕ್ಕಪತ್ರದ ಮಾತನ್ನು ಓದುವುದು ಲೇಸು. ಗಾಡ್ ಆಫ್ ವಾರ್, ಸ್ಪೈಡರ್ ಮ್ಯಾನ್ ತರಹದ ದೊಡ್ಡ ಸರಣಿಗಳ ಹೊಸ ಆಟ 2025ರ ಮಾರ್ಚ್‌ವರೆಗೆ ಇಲ್ಲವೆಂದು ಸೋನಿಯೇ ಫೆಬ್ರವರಿಯಲ್ಲಿ ಹೂಡಿಕೆದಾರರಿಗೆ ಹೇಳಿದೆ. ಹೂಡಿಕೆದಾರರ ಎದುರು ಆಡುವ ಮಾತಿನಲ್ಲಿ ಟ್ರೈಲರಿನ ಸಡಿಲಿಕೆ ಇರುವುದಿಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ಏನು ತೋರಿಸಿದರೂ ಅದು ಮುಂದಿನ ವರ್ಷದ ಸರಕು. ಇತ್ತೀಚೆಗೆ ಅಂತರ ಕಡಿಮೆಯಾಗುತ್ತಿರುವುದೂ ನಿಜ: ಮೇ 30ರಂದು ಘೋಷಿಸಿದ ಆಸ್ಟ್ರೋ ಬಾಟ್ ಸೆಪ್ಟೆಂಬರ್ 6ಕ್ಕೇ ಬರುತ್ತಿದೆ.

ಇನ್ನೊಂದು ಎಚ್ಚರಿಕೆ. ಪಿಎಸ್5ರ ಇನ್ನೂ ಬಲವಾದ ಮಾದರಿ ಬರುವುದೆಂಬ ವದಂತಿ ದಟ್ಟವಾಗಿದೆ. ಅದು ನಿಜವಾದರೂ ಅದನ್ನು ಮೇಳದಲ್ಲಿ ಹುಡುಕಬೇಡಿ. 2016ರಲ್ಲಿ ಪಿಎಸ್4 ಪ್ರೊವನ್ನು ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ತಮ್ಮದೇ ಸಭೆ ಕರೆದು ತೋರಿಸಿದರು, ನವೆಂಬರಿನಲ್ಲಿ ಮಾರಿದರು. ನಿಮ್ಮ ಜಾಗದಲ್ಲಿ ನಾನಿದ್ದರೆ ದೀಪಾವಳಿಯವರೆಗೆ ಹಣವನ್ನು ಮುಟ್ಟುತ್ತಿರಲಿಲ್ಲ.

ಚಿಂಚವಾಡದ ಆಟಗಾರ · 7 ಆಗಸ್ಟ್ 2024

ಮೂವರಿಗೂ ಕೃತಜ್ಞತೆಗಳು. ಕಾಯುವುದೆಂದು ನಿರ್ಧರಿಸಿದ್ದೇನೆ, ಹಣ ಬ್ಯಾಂಕಿನಲ್ಲಿದ್ದರೆ ಹಳಸುವುದಿಲ್ಲ. ಗೇಮ್ಸ್‌ಕಾಮ್‌ನ ಉದ್ಘಾಟನಾ ಕಾರ್ಯಕ್ರಮ ನಮ್ಮ ಸಮಯಕ್ಕೆ 20ರ ರಾತ್ರಿ ಹನ್ನೊಂದೂವರೆಗೆ ಆರಂಭವಾಗುತ್ತದೆ, ಆದರೆ ಅಂದು ನನಗೆ ಎರಡನೆಯ ಪಾಳಿ, ಮನೆ ಸೇರುವಾಗ ಹನ್ನೆರಡು ಮೀರಿರುತ್ತದೆ. ಸೋನಿಯದು ಏನಾದರೂ ಬಂದರೆ, ಕೊನೆಯಲ್ಲಿ ತಾರೀಖು ಇತ್ತೇ ಇಲ್ಲವೇ ಎಂಬುದಷ್ಟನ್ನು ಯಾರಾದರೂ ಇಲ್ಲಿ ಬರೆದಿಡಿ.