ಸೈಜ್ ಹೇಳುವ ಟೂಲ್ ಅರ್ಧಕ್ಕೇ ಬಿಟ್ಟು ಹೋಗ್ತಾರೆ, ಏನು ಮಾಡಲಿ?

ದಾದರ್‌ನಿಂದ, ಕುರ್ತಿ ಮಾರುವವಳು:
ನಾನು, ನನ್ನ ತಂಗಿ ಸೇರಿ ಆನ್‌ಲೈನ್‌ನಲ್ಲಿ ಕುರ್ತಿ ಮಾರುತ್ತೇವೆ. ಬಟ್ಟೆ ಹಿಂದಮಾತಾದಿಂದ ತರುತ್ತೇವೆ, ಹೊಲಿಸುವುದು ಉಲ್ಲಾಸನಗರದಲ್ಲಿ. ವಾಪಸ್ ಬರುವ ಪಾರ್ಸೆಲ್‌ಗಳಲ್ಲಿ ಹೆಚ್ಚಿನವು ಸೈಜಿನ ತಕರಾರೇ. ಅದಕ್ಕೇ ಸೈಜ್ ಹೇಳುವ ಟೂಲ್ ಒಂದನ್ನು ಮಾಡಿಸಿದೆವು. ಎತ್ತರ, ತೂಕ, ವಯಸ್ಸು, ಎದೆ, ಸೊಂಟ, ಹಿಪ್ ಎಂದು ಆರು ಪ್ರಶ್ನೆ. ಕೊನೆಗೆ "ನಿಮ್ಮ ಸೈಜ್ ಎಲ್" ಎಂದು ಬರುತ್ತದೆ. ಅರ್ಧಕ್ಕೇ ಬಿಟ್ಟು ಹೋಗುವವರೇ ಜಾಸ್ತಿ. ಪೂರ್ತಿ ತುಂಬಿದವರೂ ಅದು ಹೇಳಿದ್ದನ್ನು ಬಿಟ್ಟು ಬೇರೆ ಸೈಜ್ ತರಿಸುತ್ತಾರೆ. ನಿಮ್ಮ ಅನುಭವ ಹೇಳಿ. ಕೊಳ್ಳುವವರ ಮಾತೂ ಬೇಕು.

ಡೊಂಬಿವಲಿಯಿಂದ, ಹೊಲಿಗೆ ಕೆಲಸದವಳು:
ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. "ನಿಮ್ಮ ಎದೆ ಅಳತೆ ಎಷ್ಟು?" ಎಂದು ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ. ಕೇಳಿದರೆ ಯಾರಿಗೆ ಗೊತ್ತಿರುತ್ತದೆ? ನಾನು ಕೇಳುವುದು ಅಳತೆ ರವಿಕೆ. ಚೆನ್ನಾಗಿ ಕೂರುವ ಹಳೆಯದೊಂದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ನನ್ನ ಕೆಲಸ ಅರ್ಧ ಮುಗಿಯುತ್ತದೆ.

ನಿಮ್ಮ ಟೂಲ್‌ಗೂ ಇದನ್ನೇ ಕಲಿಸಿ ಅಮ್ಮ. ಮನೆಯಲ್ಲಿ ಇಷ್ಟದ ಕುರ್ತಿ ಒಂದಿದ್ದೇ ಇರುತ್ತದೆ. ಅದನ್ನು ಮಂಚದ ಮೇಲೆ ಹರಡಿ, ಸುಕ್ಕು ಬಿಡಿಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಳೆಯಲಿ. 19 ಇಂಚು ಬಂದರೆ ಕುರ್ತಿಯ ಸುತ್ತಳತೆ 38. ಮೈಗೆ ಟೇಪು ಸುತ್ತಿಕೊಳ್ಳುವಾಗ ಉಸಿರು ಹಿಡಿದು ಎರಡು ಇಂಚು ಕಮ್ಮಿ ಮಾಡುತ್ತಾರೆ. ಮಂಚದ ಮೇಲಿನ ಕುರ್ತಿ ಉಸಿರು ಹಿಡಿಯುವುದಿಲ್ಲ!

ಇನ್ನೊಂದು ಮಾತು. ಮೈ ಅಳತೆ ಬೇರೆ, ಬಟ್ಟೆ ಅಳತೆ ಬೇರೆ. ಎದೆ 36 ಇದ್ದವರಿಗೆ ಹಿಗ್ಗದ ಕಾಟನ್‌ನಲ್ಲಿ 36ಕ್ಕೇ ಹೊಲಿದರೆ ಕೈ ಎತ್ತಲೂ ಆಗುವುದಿಲ್ಲ. ಎರಡು ಮೂರು ಇಂಚು ಸಡಿಲ ಬಿಡಲೇಬೇಕು. ನಿಮ್ಮ ಸೈಜ್ ಪಟ್ಟಿಯಲ್ಲಿ ಬರೆದಿರುವ 38 ಮೈಯದ್ದೋ, ಕುರ್ತಿಯದ್ದೋ? ಮೊದಲು ಅದನ್ನು ನೋಡಿ.

ಪುಣೆ ಹಿಂಜವಡಿಯಿಂದ, ಆ್ಯಪ್ ವಿನ್ಯಾಸ ಮಾಡುವವಳು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಕಡೆಯಿಂದ ಒಂದಷ್ಟು.

ತೂಕವನ್ನು ಎರಡನೇ ಪ್ರಶ್ನೆಯಲ್ಲೇ ಕೇಳುತ್ತೀರಿ. ಅಲ್ಲೇ ಜನ ಎದ್ದು ಹೋಗುತ್ತಾರೆ. ಡಾಕ್ಟರೇ ಕೇಳಿದರೂ ಒಂದು ಕ್ಷಣ ತಡವರಿಸುತ್ತೇವೆ, ಅಂಗಡಿಯವರಿಗೆ ಯಾಕೆ ಹೇಳಬೇಕು? ಬೇಕೇ ಬೇಕು ಅಂದರೆ ಯಾಕೆಂದು ಒಂದು ಸಾಲು ಬರೆಯಿರಿ, ಬಿಟ್ಟು ಮುಂದೆ ಹೋಗಲೂ ದಾರಿ ಕೊಡಿ.

ಇಂಚು, ಸೆಂಟಿಮೀಟರ್ ಗೊಂದಲ ದೊಡ್ಡದು. ಟೇಪಿನ ಒಂದು ಬದಿ 60 ಇಂಚು, ಇನ್ನೊಂದು ಬದಿ 150 ಸೆಂಟಿಮೀಟರ್ ಇರುತ್ತದೆ. ಯಾರಾದರೂ ಇಂಚಿನ ಜಾಗದಲ್ಲಿ 92 ಎಂದು ಬರೆದರೆ ಕೆಂಪು ಅಕ್ಷರದಲ್ಲಿ "ತಪ್ಪು" ಎನ್ನಬೇಡಿ. "ಇದು ಸೆಂಟಿಮೀಟರಾ?" ಎಂದು ಕೇಳಿದರೆ ಸಾಕು. ಹಿಂದಿನ ಪುಟಕ್ಕೆ ಹೋಗಿ ಬಂದರೆ ತುಂಬಿದ್ದೆಲ್ಲ ಅಳಿಸಿ ಹೋಗಬಾರದು. ನನಗೆ ಹಾಗಾದಾಗ ಎರಡನೇ ಸಲ ತುಂಬಲೇ ಇಲ್ಲ.

ಟೂಲ್‌ನಲ್ಲಿ ಒತ್ತುವ ಗುಂಡಿಗಳನ್ನೂ ನೋಡಿ. ವೆಬ್ ಎಲ್ಲರಿಗೂ ಸುಲಭವಾಗಿರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ನಿಯಮಗಳ 2023ರ ಆವೃತ್ತಿ, ಗುಂಡಿ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಲಿ ಎನ್ನುತ್ತದೆ. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು. ಅಂಥ ಹೆಬ್ಬೆರಳಿಗೆ ಅದೂ ಚಿಕ್ಕದೇ.

ಎಲ್ಲಕ್ಕಿಂತ ಮುಖ್ಯ, ಬರೀ "ಎಲ್" ಎಂದರೆ ಯಾರು ನಂಬುತ್ತಾರೆ? "ಎಂ ತಗೊಂಡರೆ ಎದೆಯಲ್ಲಿ ಸರಿ, ಹಿಪ್‌ನಲ್ಲಿ ಬಿಗಿ. ಎಲ್ ತಗೊಂಡರೆ ಭುಜ ಸ್ವಲ್ಪ ಇಳಿಯುತ್ತದೆ" ಎಂದು ಹೇಳಿ. ಆಮೇಲೆ ಅವರೇ ಆರಿಸಿಕೊಳ್ಳಲಿ.

ಗೋವಾ ವಾಸ್ಕೋದಿಂದ, ಬರೀ ಕೊಳ್ಳುವವಳು:
ಮಾರಾಯ್ರೆ, ನಮ್ಮ ಮನೆಯಲ್ಲಿ ಟೇಪೇ ಇಲ್ಲ! ಒಂದು ಸಲ 500 ರೂಪಾಯಿ ನೋಟಿನಲ್ಲಿ ಅಳೆದೆ. ಈಗಿನ ನೋಟು ಉದ್ದಕ್ಕೆ ಸರಿಯಾಗಿ 15 ಸೆಂಟಿಮೀಟರ್. ಮೂರು ನೋಟು ಸಾಲಾಗಿ ಇಟ್ಟೆ, ಕುರ್ತಿಯ ಅಗಲ ಸಿಕ್ಕಿತು. ತಿಂಗಳ ಕೊನೆಯಲ್ಲಾಗಿದ್ದರೆ ಅದೂ ಕಷ್ಟವಿತ್ತು.

ನಾನು ಯಾವಾಗಲೂ ಒಂದು ಸೈಜ್ ದೊಡ್ಡದು ತರಿಸುತ್ತೇನೆ. ಕಾಟನ್ ಮೊದಲ ಒಗೆತಕ್ಕೇ ಕುಗ್ಗುತ್ತದಲ್ಲ. ಟೂಲ್ ಆ ಲೆಕ್ಕ ಹಿಡಿದಿದೆಯೋ ಇಲ್ಲವೋ ಎಂದು ಯಾರೂ ಬರೆಯುವುದಿಲ್ಲ. ಇನ್ನೊಂದು ಅಂಗಡಿಯ ಟೂಲ್‌ನಲ್ಲಿ ಕುಂದಾಪುರದಲ್ಲಿರುವ ಅಮ್ಮನಿಗೆಂದು ಅಳತೆ ಹಾಕಿದ್ದೆ. ಅವತ್ತಿನಿಂದ ನನಗೂ ಅಮ್ಮನ ಸೈಜನ್ನೇ ಹೇಳುತ್ತಿದೆ. "ಯಾರಿಗೆ?" ಎಂದು ಮೊದಲೇ ಒಂದು ಮಾತು ಕೇಳಬಾರದಾ?

ಠಾಣೆಯಿಂದ:
ನಮ್ಮ ದೇಶದ್ದೇ ಅಳತೆ ಪಟ್ಟಿ ಬರಬೇಕು. ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆಯ ಇಂಡಿಯಾಸೈಜ್ ಯೋಜನೆ ಅದಕ್ಕೇ ಇರುವುದು. ಮುಂಬೈ ಸೇರಿ ಆರು ಊರುಗಳಲ್ಲಿ 15ರಿಂದ 65 ವಯಸ್ಸಿನ 25,000 ಜನರನ್ನು ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಅದು.

ಭಿವಂಡಿಯಿಂದ, ಗೋದಾಮಿನವನು:
ಪಟ್ಟಿ ಬರಲಿ ಅಣ್ಣ, ಬೇಡ ಅನ್ನುವುದಿಲ್ಲ. ಆದರೆ ವಾಪಸ್ ಬಂದ ಬಟ್ಟೆ ಬಿಚ್ಚುವವನು ನಾನು. ಒಂದೇ ಡಿಸೈನ್, ಎರಡಕ್ಕೂ ಎಲ್ ಲೇಬಲ್, ಅಳೆದರೆ ಒಂದು ಇಂಚು ವ್ಯತ್ಯಾಸ. ಹೊಸ ಲಾಟ್ ಬಂದಾಗಲೆಲ್ಲ ಪ್ರತಿ ಸೈಜಿನ ಎರಡು ಮೂರು ಅಳೆದು ನೋಡಿ ಅಕ್ಕ, ಇಲ್ಲದಿದ್ದರೆ ಟೂಲ್ ಸುಮ್ನೆ. ವಾಪಸ್ ಫಾರ್ಮಿನಲ್ಲೂ "ಸೈಜ್ ಸರಿಯಿಲ್ಲ" ಎಂಬ ಒಂದೇ ಕಾರಣ ಇಡಬೇಡಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೇಳಿ.

ದಾದರ್‌ನಿಂದ, ಮೂರು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ವಯಸ್ಸು, ತೂಕ ತೆಗೆದೆವು. ತಂಗಿ ಇನ್ನೂ ಮುನಿಸಿಕೊಂಡಿದ್ದಾಳೆ, ತೂಕ ಇರಬೇಕಿತ್ತಂತೆ. ಹೊಸ ಟೂಲನ್ನು ನಮ್ಮ ಬಿಲ್ಡಿಂಗಿನ ಐದು ಜನರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆವು. ಐವರಲ್ಲಿ ಮೂವರು ಕುರ್ತಿ ಹರಡಿ ಅಳೆದು 19 ಎಂದೇ ಬರೆದರು, ಟೂಲ್ "ಈ ಸೈಜ್ ಇಲ್ಲ" ಎಂದಿತು. ತಪ್ಪು ನಮ್ಮದೇ, 38 ಬರೆಯಲಿ ಎಂದು ಕಾಯುತ್ತಿದ್ದೆವು. ಈಗ ಎರಡು ಪಟ್ಟು ಮಾಡುವ ಕೆಲಸ ಟೂಲೇ ಮಾಡುತ್ತದೆ. ಪಟ್ಟಿಯಲ್ಲಿದ್ದ ಅಳತೆ ಕುರ್ತಿಯದ್ದೇ ಅಕ್ಕ, ಜನ ಮೈ ಅಳತೆ ಎಂದುಕೊಳ್ಳುತ್ತಿದ್ದರು!

ವಾಪಸ್ ಫಾರ್ಮಿನಲ್ಲಿ ಹೊಸದೊಂದು ಗೊತ್ತಾಯಿತು. ಬಿಗಿ ಎನ್ನುವವರಲ್ಲಿ ಸುಮಾರು ಜನ ತೋಳು ಎಂದು ಬರೆಯುತ್ತಿದ್ದಾರೆ. ನಮ್ಮ ಟೂಲ್ ತೋಳಿನ ಬಗ್ಗೆ ಕೇಳುವುದೇ ಇಲ್ಲ. ಡೊಂಬಿವಲಿ ಅಕ್ಕ, ತೋಳು ಎಲ್ಲಿ ಅಳೆಯಲು ಹೇಳಲಿ?

ಡೊಂಬಿವಲಿಯಿಂದ:
ಕಂಕುಳಿನ ಹೊಲಿಗೆಯಿಂದ ಒಂದು ಇಂಚು ಕೆಳಗೆ, ಹರಡಿಟ್ಟ ತೋಳಿನ ಅಗಲ. ಅದನ್ನೂ ನೀವೇ ಎರಡು ಪಟ್ಟು ಮಾಡಿಕೊಳ್ಳಿ.