1884ರಲ್ಲಿ ಒಬ್ಬನೇ ಪಿಚರ್ 678 ಇನ್ನಿಂಗ್ಸ್ ಎಸೆದದ್ದು ಹೇಗೆ?

ಎಡಗೈ ಫಾಸ್ಟ್ (ಪ್ರಶ್ನೆ)

ನಾನು ಕ್ಲಬ್ ಮಟ್ಟದಲ್ಲಿ ಫಾಸ್ಟ್ ಬೌಲಿಂಗ್ ಮಾಡುವವನು. ಬೇಸ್‌ಬಾಲ್ ನೋಡಲು ಶುರುಮಾಡಿದ್ದು ಇತ್ತೀಚೆಗೆ. ಈಗಿನ ಪಿಚರ್‌ಗಳು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಒಂದು ಪಂದ್ಯದಲ್ಲಿ ಎಸೆದರೆ ಆಮೇಲೆ ನಾಲ್ಕೈದು ದಿನ ಕೈಗೆ ವಿಶ್ರಾಂತಿ ಕೊಡುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ದೊಡ್ಡ ಸ್ಪೆಲ್ ಹಾಕಿದ ಮರುದಿನ ನನಗೆ ಶರ್ಟ್ ಹಾಕಿಕೊಳ್ಳುವುದೇ ಕಷ್ಟ.

ಆದರೆ ಹಳೇ ದಾಖಲೆಗಳಲ್ಲಿ ಚಾರ್ಲ್ಸ್ ರಾಡ್‌ಬರ್ನ್ ಅಂತ ಒಬ್ಬನ ಹೆಸರು ನೋಡಿದೆ. 'ಓಲ್ಡ್ ಹಾಸ್' ಅಂತ ಕರೆಯುತ್ತಿದ್ದರಂತೆ. 1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡಕ್ಕೆ ಆಡುತ್ತಾ ಆ ಒಂದೇ ಸೀಸನ್‌ನಲ್ಲಿ 678 ಇನ್ನಿಂಗ್ಸ್ ಮೀರಿ ಎಸೆದಿದ್ದಾನೆ (ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್). 73 ಪಂದ್ಯ ತಾನೇ ಶುರುಮಾಡಿ, ಆ 73ನ್ನೂ ತಾನೇ ಮುಗಿಸಿದ್ದಾನೆ. ಗೆಲುವು ಕೆಲವು ಕಡೆ 59, ಕೆಲವು ಕಡೆ 60 ಅಂತಿದೆ. ಮನುಷ್ಯನ ತೋಳಿಗೆ ಇದು ಸಾಧ್ಯವಾ? ಸಾಧ್ಯ ಅಂತಲೇ ಇಟ್ಟುಕೊಳ್ಳೋಣ, ಅವನು ಒಪ್ಪಿದ್ದಾದರೂ ಯಾಕೆ? ದುಡ್ಡಿಗಾ?

ಲೇಬರ್ ವಕೀಲ, ಹುಬ್ಬಳ್ಳಿ

ನಾನು ಕಾರ್ಮಿಕರ ಪರ ಕೇಸು ನಡೆಸುವ ವಕೀಲ. ಆ ಕಾಲದ ಬೇಸ್‌ಬಾಲ್ ನನ್ನನ್ನು ಹಿಡಿದಿಟ್ಟಿದ್ದು ಆಟಕ್ಕಿಂತ ಜಾಸ್ತಿ ಅದರ ಕರಾರುಗಳಿಂದ. ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ತೋಳಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಆಗ ಪಿಚರ್ ಎಸೆಯುತ್ತಿದ್ದ ಗೆರೆ ಬ್ಯಾಟರ್‌ನಿಂದ 50 ಅಡಿ ದೂರ ಇತ್ತು. ಈಗಿನ 60 ಅಡಿ 6 ಇಂಚು ಬಂದದ್ದು 1893ರಲ್ಲಿ. ಕೈ ಭುಜದ ಮೇಲಿನಿಂದ ತಂದು ಎಸೆಯಲು ಪ್ರಾವಿಡೆನ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ಪೂರ್ತಿ ಅನುಮತಿ ಕೊಟ್ಟದ್ದೇ 1884ರಲ್ಲಿ. ರಾಡ್‌ಬರ್ನ್ ಮಾತ್ರ ಹೆಚ್ಚಾಗಿ ಹಳೇ ರೀತಿಯಲ್ಲಿ, ಕೆಳಗಿನಿಂದಲೇ ಎಸೆಯುತ್ತಿದ್ದ. ಚೆಂಡು ಎತ್ತರಕ್ಕೆ ಬೇಕಾ, ತಗ್ಗಿಗೆ ಬೇಕಾ ಅಂತ ಬ್ಯಾಟರ್ ಕೇಳಿ ಪಡೆಯಬಹುದಿತ್ತು. ದೂರ ಕಡಿಮೆ, ಎಸೆತ ಕೆಳಗಿನಿಂದ, ಆದರೂ ಅವನ ತೋಳಿಗೆ ಸುಖ ಇರಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ಬಾಚಿಕೊಳ್ಳುವಷ್ಟೂ ಕೈ ಮೇಲೇಳುತ್ತಿರಲಿಲ್ಲ ಅಂತ ಹೇಳುತ್ತಾರೆ.

ಈಗ ಯಾಕೆ ಒಪ್ಪಿದ ಅನ್ನೋದು. ಆ ವರ್ಷ ಪ್ರಾವಿಡೆನ್ಸ್‌ನಲ್ಲಿ ಇದ್ದದ್ದು ಇಬ್ಬರು ಮುಖ್ಯ ಪಿಚರ್‌ಗಳು. ರಾಡ್‌ಬರ್ನ್ ಒಬ್ಬ, ಚಿಕ್ಕ ವಯಸ್ಸಿನ ಚಾರ್ಲಿ ಸ್ವೀನಿ ಇನ್ನೊಬ್ಬ. ಸ್ವೀನಿ ಜೂನ್‌ನಲ್ಲಿ ಬೋಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ, ಅಂದರೆ ಚೆಂಡು ಹೊಡೆಯಲಾಗದೆ ಔಟ್ ಆಗುವ ಹಾಗೆ ಎಸೆದಿದ್ದ. ಇಬ್ಬರಿಗೂ ಅಷ್ಟಕ್ಕಷ್ಟೇ. ಜುಲೈನಲ್ಲಿ ಕ್ಲಬ್ ರಾಡ್‌ಬರ್ನ್‌ನನ್ನು ಸಸ್ಪೆಂಡ್ ಮಾಡಿತು. ಕೆಲವೇ ದಿನದಲ್ಲಿ, ಫಿಲಡೆಲ್ಫಿಯಾ ವಿರುದ್ಧದ ಪಂದ್ಯದ ನಡುವೆ, ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್ ಸ್ವೀನಿಗೆ 'ಪಿಚಿಂಗ್ ಬಿಟ್ಟು ರೈಟ್ ಫೀಲ್ಡ್‌ಗೆ ಹೋಗು' ಅಂದ. ಸ್ವೀನಿ ಮೈದಾನ ಬಿಟ್ಟೇ ಹೊರಟುಹೋದ. ಗಾಯವಾಗದೆ ಬದಲಿ ಆಟಗಾರನನ್ನು ಇಳಿಸುವ ಹಾಗಿರಲಿಲ್ಲ. ಒಂಬತ್ತರ ಬದಲು ಎಂಟೇ ಜನ ಆಡಿ ಸೋತರು. ಸ್ವೀನಿಯನ್ನು ಕ್ಲಬ್ ಹೊರಹಾಕಿತು. ಅವನು ಸೇಂಟ್ ಲೂಯಿಸ್‌ಗೆ ಹೋಗಿ ಯೂನಿಯನ್ ಅಸೋಸಿಯೇಷನ್ ಅನ್ನುವ ಪ್ರತಿಸ್ಪರ್ಧಿ ಲೀಗ್ ಸೇರಿದ.

ಈಗ ಕ್ಲಬ್‌ಗೆ ಬೇರೆ ದಾರಿಯೇ ಇಲ್ಲ. ರಾಡ್‌ಬರ್ನ್ ಬಂದು ತನ್ನ ಷರತ್ತು ಇಟ್ಟ. ಉಳಿದ ಸೀಸನ್ ಪೂರ್ತಿ ನಾನೇ ಎಸೆಯುತ್ತೇನೆ, ಸಂಬಳ ಏರಿಸಿ, ಸೀಸನ್ ಮುಗಿದ ಮೇಲೆ ನನ್ನನ್ನು ರಿಸರ್ವ್‌ನಿಂದ ಬಿಟ್ಟುಕೊಡಿ. ದುಡ್ಡಿನ ಮಾತು ಎಲ್ಲರೂ ಬರೆಯುತ್ತಾರೆ. ನನ್ನ ಪ್ರಕಾರ ತೂಕ ಇರುವುದು ಆ ಕೊನೆಯ ಷರತ್ತಿನಲ್ಲಿ.

ರಿಸರ್ವ್ ಅಂದರೆ ಇಷ್ಟು. 1879ರಲ್ಲಿ ನ್ಯಾಷನಲ್ ಲೀಗ್ ಮಾಲೀಕರು ಬಫಲೋದಲ್ಲಿ ಕೂತು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಕ್ಲಬ್ಬೂ ಐದು ಆಟಗಾರರ ಹೆಸರು ಬರೆದಿಡಬಹುದು, ಅವರನ್ನು ಬೇರೆ ಕ್ಲಬ್ ಮುಟ್ಟಬಾರದು. 1883ಕ್ಕೆ ಆ ಐದು ಹನ್ನೊಂದಾಯಿತು, ಮುಂದೆ ಹದಿನಾಲ್ಕು, ಅಂದರೆ ಪೂರ್ತಿ ತಂಡ. ಆಟಗಾರನ ಕರಾರು ಒಂದೇ ವರ್ಷದ್ದು. ಆದರೆ ವರ್ಷ ಮುಗಿದ ಮೇಲೂ ಅವನು ಆ ಕ್ಲಬ್‌ಗೆ ಸೇರಿದವನು. ಕೊಟ್ಟಷ್ಟು ತೆಗೆದುಕೊಂಡು ಆಡಬೇಕು, ಇಲ್ಲವಾದರೆ ಮನೆಯಲ್ಲಿ ಕೂರಬೇಕು. ಮೀರಿದವನಿಗೆ ಬ್ಲಾಕ್‌ಲಿಸ್ಟ್. ಇದು ಯಾವ ಸರ್ಕಾರ ಮಾಡಿದ ಕಾನೂನೂ ಅಲ್ಲ ನೋಡಿ. ಕೆಲಸ ಕೊಡುವವರೆಲ್ಲ ಸೇರಿಕೊಂಡು, ಕೆಲಸ ಮಾಡುವವನು ಬಾಗಿಲು ದಾಟದ ಹಾಗೆ ನೋಡಿಕೊಂಡದ್ದು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆ ಬಾಗಿಲು ತೆಗೆಸಿಕೊಳ್ಳಲಿಕ್ಕೇ ಅವನು ಮುಂದಿನ 43 ಪಂದ್ಯಗಳಲ್ಲಿ 40 ಶುರುಮಾಡಿ 36 ಗೆದ್ದ. ಪ್ರಾವಿಡೆನ್ಸ್ ಲೀಗ್ ಗೆದ್ದಿತು. ಅಕ್ಟೋಬರ್‌ನಲ್ಲಿ, ಅಮೆರಿಕನ್ ಅಸೋಸಿಯೇಷನ್ ಅನ್ನುವ ಇನ್ನೊಂದು ಲೀಗ್ ಗೆದ್ದಿದ್ದ ನ್ಯೂಯಾರ್ಕ್ ಮೆಟ್ರೋಪಾಲಿಟನ್ಸ್ ಜೊತೆ ಮೂರು ದಿನ ಮೂರು ಪಂದ್ಯ, ಮೂರೂ ಅವನೇ ಎಸೆದ, ಮೂರೂ ಗೆದ್ದ.

ಕ್ಯಾಚರ್ ಅಮ್ಮ, ನ್ಯೂಜೆರ್ಸಿ

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಎಸೆದವನ ತೋಳಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಿಡಿದವನ ಕೈ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಮಗ ಶಾಲೆ ತಂಡದಲ್ಲಿ ಕ್ಯಾಚರ್, ಅಂದರೆ ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಹಿಂದೆ ಕೂತು ಹಿಡಿಯುವವನು. ಇಷ್ಟು ದಪ್ಪದ ಮಿಟ್ (ಕ್ಯಾಚರ್ ಗ್ಲೌಸ್) ಇದ್ದರೂ ಮನೆಗೆ ಬಂದಾಗ ಎಡಗೈಯ ತೋರುಬೆರಳಿನ ಬುಡ ಕೆಂಪಗೆ ಊದಿರುತ್ತದೆ, ನಾನು ಐಸ್ ಇಟ್ಟು ಕೂರಿಸುತ್ತೇನೆ. 1884ರಲ್ಲಿ ಮುಖಕ್ಕೆ ತಂತಿಯ ಮಾಸ್ಕ್ ಬಂದಿತ್ತು, ಆದರೆ ಕೈಗೆ ಇದ್ದದ್ದು ಬೆರಳು ಕತ್ತರಿಸಿದ ತೆಳು ಚರ್ಮದ ಗ್ಲೌಸ್ ಅಷ್ಟೇ. ಎಷ್ಟೋ ಜನ ಅದನ್ನೂ ಹಾಕುತ್ತಿರಲಿಲ್ಲ.

ಅದೇ ವರ್ಷ ಅಮೆರಿಕನ್ ಅಸೋಸಿಯೇಷನ್‌ನ ಟೊಲೆಡೊ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಬರಿಗೈಯಲ್ಲಿ ಕ್ಯಾಚರ್ ಆಗಿ ಆಡಿದ. ಓಬರ್ಲಿನ್‌ನಲ್ಲಿ ಓದಿದ ಕಪ್ಪು ಹುಡುಗ. ಅವನ ಪಿಚರ್ ಟೋನಿ ಮುಲೇನ್ ಎಷ್ಟೋ ವರ್ಷ ಆದಮೇಲೆ ಒಪ್ಪಿಕೊಂಡ: ನಾನು ಕಂಡ ಕ್ಯಾಚರ್‌ಗಳಲ್ಲಿ ವಾಕರ್‌ನೇ ಶ್ರೇಷ್ಠ, ಆದರೆ ಅವನು ಕರಿಯ ಅಂತ, ಯಾವ ಎಸೆತ ಬೇಕು ಎಂದು ಅವನು ಮಾಡುವ ಸನ್ನೆ ನೋಡದೆ ಮನಸ್ಸಿಗೆ ಬಂದ ಹಾಗೆ ಎಸೆಯುತ್ತಿದ್ದೆ, ಅಂತ. ಯಾವ ಕಡೆಗೆ ಬರುತ್ತದೆ ಅಂತ ಗೊತ್ತಿಲ್ಲದ ಚೆಂಡನ್ನು ಬರಿಗೈಯಲ್ಲಿ ಹಿಡಿಯುವುದು. ಮಗನ ಬೆರಳಿಗೆ ಐಸ್ ಇಡುವಾಗ ನನಗೆ ಅದೇ ನೆನಪಾಗುತ್ತದೆ.

ಎಡಗೈ ಫಾಸ್ಟ್

ಮೇಡಂ, ನೀವು ಹೇಳಿದ್ದು ಓದಿ ಮನಸ್ಸಿಗೆ ಹಿಂಸೆ ಆಯಿತು. ಸನ್ನೆ ನೋಡದೆ ಎಸೆದರೆ ಹಿಡಿಯುವವನ ಬೆರಳು ಮುರಿಯುತ್ತದೆ, ಅದು ಎಸೆಯುವವನಿಗೂ ಗೊತ್ತಿರುತ್ತದೆ ಅಲ್ವಾ.

ವಕೀಲ ಸರ್, ರಾಡ್‌ಬರ್ನ್‌ಗೆ ಆ ಬಿಡುಗಡೆ ಸಿಕ್ಕಿತಾ? ಮಾಲೀಕರ ಒಪ್ಪಂದವನ್ನು ಯಾರೂ ಕೋರ್ಟಿಗೆ ಎಳೆಯಲಿಲ್ಲವಾ?

ಲೇಬರ್ ವಕೀಲ, ಹುಬ್ಬಳ್ಳಿ

1885ರಲ್ಲೂ ಅವನು ಪ್ರಾವಿಡೆನ್ಸ್‌ಗೇ ಆಡಿದ. ಆಮೇಲೆ ಆ ಕ್ಲಬ್ಬೇ ಮುಚ್ಚಿತು, ಅವನು ಬೋಸ್ಟನ್‌ಗೆ ಹೋದ.

ಕೋರ್ಟಿನ ಕಥೆ ಸ್ವಲ್ಪ ಉದ್ದ. 1881, 82ರಲ್ಲಿ ರಾಡ್‌ಬರ್ನ್ ಜೊತೆ ಪ್ರಾವಿಡೆನ್ಸ್‌ನಲ್ಲೇ ಆಡಿದ ಜಾನ್ ಮಾಂಟ್ಗೊಮರಿ ವಾರ್ಡ್ ಅನ್ನುವವನಿದ್ದ. ಆಮೇಲೆ ನ್ಯೂಯಾರ್ಕ್ ಜಯಂಟ್ಸ್ ಸೇರಿದ. ಆಡುತ್ತಲೇ ಕೊಲಂಬಿಯಾದಲ್ಲಿ ಕಾನೂನು ಓದಿ 1885ರಲ್ಲಿ ಪದವಿ ಪಡೆದ. ಅದೇ ವರ್ಷ ಆಟಗಾರರ ಸಂಘ ಕಟ್ಟಿದ, ಬ್ರದರ್‌ಹುಡ್ ಅಂತ ಹೆಸರು. 1888ರ ಕೊನೆಯಲ್ಲಿ ಚಿಕಾಗೊ ಮಾಲೀಕ ಆಲ್ಬರ್ಟ್ ಸ್ಪಾಲ್ಡಿಂಗ್ ಎರಡು ತಂಡ ಕಟ್ಟಿಕೊಂಡು ಪ್ರಪಂಚ ಸುತ್ತಲು ಹೊರಟಾಗ ವಾರ್ಡ್‌ನೂ ಹೋದ. ಆಸ್ಟ್ರೇಲಿಯಾ ಮುಗಿಸಿ 1889ರ ಜನವರಿಯಲ್ಲಿ ಕೊಲಂಬೊದಲ್ಲಿ ಒಂದು ಪಂದ್ಯ ಆಡಿದರು. ನಮ್ಮ ಮಗ್ಗುಲಿಗೇ ಬಂದು ಹೋದ ಹಾಗಾಯಿತು. ಆಮೇಲೆ ಈಜಿಪ್ಟ್‌ನಲ್ಲಿ ಪಿರಮಿಡ್ ಹತ್ತಿರ ಆಡಿದರು. ವಾರ್ಡ್ ಊರಲ್ಲಿ ಇಲ್ಲದಾಗಲೇ ಮಾಲೀಕರು ಹೊಸ ನಿಯಮ ತಂದರು. ಆಟಗಾರರನ್ನು ಐದು ದರ್ಜೆ ಮಾಡುವುದು, ಮೇಲಿನ ದರ್ಜೆಗೆ 2,500 ಡಾಲರ್, ಕೆಳಗಿನದಕ್ಕೆ 1,500. ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ.

ವಾರ್ಡ್ ವಾಪಸ್ ಬಂದು ಸುಮ್ನೆ ಕೂರಲಿಲ್ಲ. 1890ಕ್ಕೆ ಆಟಗಾರರದ್ದೇ ಲೀಗ್ ಎದ್ದು ನಿಂತಿತು, ಪ್ಲೇಯರ್ಸ್ ಲೀಗ್. ಅದರಲ್ಲಿ ರಿಸರ್ವ್ ಇಲ್ಲ, ಆಡಳಿತದಲ್ಲಿ ಆಟಗಾರರಿಗೂ ಪಾಲು. ಜಯಂಟ್ಸ್ ಮಾಲೀಕರ ಕಂಪನಿ ವಾರ್ಡ್ ಬೇರೆ ಕಡೆ ಆಡದ ಹಾಗೆ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಯಿತು. ಆ ಜನವರಿಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶ ಮಾರ್ಗನ್ ಓಬ್ರಿಯನ್ ಅದನ್ನು ಕೊಡಲಿಲ್ಲ. ಅವರ ತರ್ಕ ಇದು: ಕ್ಲಬ್ ಹತ್ತು ದಿನದ ನೋಟಿಸ್ ಕೊಟ್ಟು ಆಟಗಾರನನ್ನು ಕಳಿಸಬಹುದು, ಆಟಗಾರ ಮಾತ್ರ ವರ್ಷದಿಂದ ವರ್ಷಕ್ಕೆ ಕಟ್ಟಿಬಿದ್ದಿರಬೇಕು, ಇದರಲ್ಲಿ ಎರಡೂ ಕಡೆ ಸಮಾನವಾದ ಹೊಣೆ ಎಲ್ಲಿದೆ? ಸಣ್ಣ ಫ್ಯಾಕ್ಟರಿಗಳ ನೇಮಕಾತಿ ಪತ್ರಗಳಲ್ಲಿ ಇಂಥದೇ ಸಾಲುಗಳನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ಜಯಂಟ್ಸ್‌ನ ಇನ್ನೊಬ್ಬ ಆಟಗಾರ ಬಕ್ ಯೂಯಿಂಗ್ ಮೇಲೆ ಹಾಕಿದ ಕೇಸೂ ಬಿದ್ದುಹೋಯಿತು.

ರಾಡ್‌ಬರ್ನ್ ಕೂಡ ಬೋಸ್ಟನ್‌ನ ಹೊಸ ತಂಡ ಸೇರಿದ. ಆ ತಂಡವೇ ಲೀಗ್ ಗೆದ್ದಿತು. ಜನ ನ್ಯಾಷನಲ್ ಲೀಗ್‌ಗಿಂತ ಜಾಸ್ತಿ ಇಲ್ಲೇ ಬಂದರು. ಆದರೆ ಒಂದೇ ಊರಲ್ಲಿ ಒಂದೇ ದಿನ ಎರಡು ಕಡೆ ಪಂದ್ಯ ಇಟ್ಟು ಎಲ್ಲರೂ ನಷ್ಟ ಮಾಡಿಕೊಂಡರು. ಸೀಸನ್ ಮುಗಿಯುತ್ತಿದ್ದಂತೆ ಸ್ಪಾಲ್ಡಿಂಗ್ ಆಟಗಾರರನ್ನು ಹೊರಗಿಟ್ಟು ಅವರ ಹಿಂದೆ ಬಂಡವಾಳ ಹಾಕಿದ್ದವರ ಜೊತೆ ಮಾತಾಡಿದ. ತನ್ನ ಲೀಗ್ ಎಷ್ಟು ಕಳೆದುಕೊಂಡಿದೆ ಅಂತ ಬಾಯಿಬಿಡಲಿಲ್ಲ. ಅವರು ಹೆದರಿ ಒಬ್ಬೊಬ್ಬರೇ ರಾಜಿಯಾದರು. ಕೋರ್ಟಲ್ಲಿ ಗೆದ್ದದ್ದು ಹೀಗೆ ಮಾತುಕತೆಯ ಮೇಜಿನಲ್ಲಿ ಹೋಯಿತು. ರಿಸರ್ವ್ ಮತ್ತೆ ಬಂತು, 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರ ತೀರ್ಪು ಬರುವ ತನಕ ಉಳಿಯಿತು.

ಮೇಡಂ, ವಾಕರ್ ವಿಷಯದಲ್ಲಿ ಕರಾರಿನ ಇನ್ನೊಂದು ಮುಖ ಇದೆ. 1887ರ ಜುಲೈನಲ್ಲಿ, ವಾಕರ್ ಆಗ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್ ಇನ್ನು ಮುಂದೆ ಕಪ್ಪು ಆಟಗಾರರಿಗೆ ಹೊಸ ಕರಾರು ಕೊಡಬಾರದು ಅಂತ ಮತ ಹಾಕಿತು. ವಾರ್ಡ್, ರಾಡ್‌ಬರ್ನ್ ಅವರನ್ನು ಕರಾರು ಬಿಡಲಿಲ್ಲ. ವಾಕರ್‌ನಂಥವರಿಗೆ ಕರಾರೇ ಸಿಗದ ಹಾಗೆ ಮಾಡಿದರು.

ಎಡಗೈ ಫಾಸ್ಟ್

ಪ್ಲೇಯರ್ಸ್ ಲೀಗ್‌ಗೆ ಆಟಗಾರರು ಸ್ವಂತ ದುಡ್ಡೂ ಹಾಕಿದ್ದರಾ ಸರ್?

ಲೇಬರ್ ವಕೀಲ, ಹುಬ್ಬಳ್ಳಿ

ಹಾಕಿದ್ದರು. ಕ್ಯಾಚರ್ ಕಾನಿ ಮ್ಯಾಕ್ ತಾನು ಕೂಡಿಟ್ಟಿದ್ದ 500 ಡಾಲರ್ ಬಫಲೋ ತಂಡಕ್ಕೆ ಹಾಕಿದ, ಅಷ್ಟೂ ಹೋಯಿತು. ಮರುವರ್ಷ ಪಿಟ್ಸ್‌ಬರ್ಗ್‌ಗೆ ಹೋಗಿ ಮತ್ತೆ ನ್ಯಾಷನಲ್ ಲೀಗ್‌ನಲ್ಲೇ ಕ್ಯಾಚರ್ ಆದ.